ಪಟೇಲರ ಜಗಲಿಯ ಮೇಲೆ ವೀರಮ್ಮ

ಶಿಕಾರಿಪುರದ ಹಳೇ ಪೇಟೆಯಲ್ಲಿ ವೀರಮ್ಮನ ವಿಷಯ ಎತ್ತಿದರೆ ಜನ ಮೊದಲು ಹೇಳುವ ಮಾತು ಒಂದೇ: "ಆಕಿ ಬೈದ್ರೆ ಹೆದರ್ಬ್ಯಾಡ್ರಿ, ಸುಮ್ಮನಾದ್ರೆ ಹೆದರ್ರಿ." ಅರವತ್ನಾಲ್ಕು ವರ್ಷದ, ಐದಡಿಗೆ ಎರಡು ಬೆರಳು ಕಡಿಮೆಯಿರುವ, ಗಾಳಿ ಬಂದರೆ ಹಾರಿಹೋದಾಳು ಅನ್ನುವಂಥ ಹೆಂಗಸಿಗೆ ಒಂದು ಪೇಟೆಯೇ ಹೆದರುವುದುಂಟೇ ಎಂದು ಕೇಳಬಹುದು. ಆಕೆಯ ಬಲಗೈ ಮಣಿಕಟ್ಟು ನೋಡದವರು ಮಾತ್ರ ಹಾಗೆ ಕೇಳುತ್ತಾರೆ. ನಲವತ್ತೈದು ವರ್ಷ ಸುತ್ತಿಗೆ ಹಿಡಿದ ಮಣಿಕಟ್ಟು ಅದು.

ವೀರಮ್ಮನ ಕಸುಬು ಕಲ್ಲು ಕಟೆಯುವುದು. ಬೀಸಿ ಬೀಸಿ ನುಣುಪಾದ ಬೀಸುಕಲ್ಲು, ರುಬ್ಬಿ ರುಬ್ಬಿ ಸವೆದ ಒರಳು, ಇವುಗಳ ಮೈಮೇಲೆ ಉಳಿಯಿಂದ ಸಣ್ಣಗೆ ಚುಚ್ಚುತ್ತಾ ಹೋಗಿ ಮತ್ತೆ ಮುಳ್ಳು ಎಬ್ಬಿಸಬೇಕು. ಇಲ್ಲದಿದ್ದರೆ ಹಾಕಿದ ಕಾಳು ಹಾಕಿದಂತೆಯೇ ಹೊರಗೆ ಬರುತ್ತದೆ. "ಒಳ್ಳು, ಬೀಸೋ ಕಲ್ಲು ಕಟಿಸ್ತೀರೇನ್ರವ್ವಾ..." ಎಂದು ಕೂಗುತ್ತಾ ಆಕೆ ಅಂಜನಾಪುರದ ಸುತ್ತಿನ ಹಳ್ಳಿಗಳಿಂದ ಹಿಡಿದು ಸೊರಬದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಗಳವರೆಗೆ ತಿರುಗಿದವಳು. ಗಂಡ ಕಲ್ಲು ಕ್ವಾರಿಯಲ್ಲಿ ಬೆನ್ನು ಮುರಿದುಕೊಂಡು ಮಲಗಿದ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದ್ದು, ಓದಿಸಿದ್ದು, ಮದುವೆ ಮಾಡಿದ್ದು ಎಲ್ಲವೂ ಈ ಉಳಿ. ಆಮೇಲೆ ಮಿಕ್ಸಿ ಬಂತು. ಮಿಕ್ಸಿಗೆ ಶಾಪ ಹಾಕುತ್ತಾ ಕೂತವಳಲ್ಲ ಆಕೆ. ತನ್ನ ಮನೆಗೂ ಒಂದು ತಂದಿಟ್ಟುಕೊಂಡು, ಗೋವಿನಜೋಳದ ಹೊಲಕ್ಕೆ ಕೂಲಿಗೆ ಹೋದಳು. ಉಳಿ, ಸುತ್ತಿಗೆಯನ್ನು ಗೋಣಿತಾಟಿನಲ್ಲಿ ಸುತ್ತಿ ಅಟ್ಟಕ್ಕೆ ಎಸೆದಳು.

ಅದನ್ನು ಕೆಳಗಿಳಿಸಿದ್ದು ಪಟೇಲರ ಮನೆ.

ಹಳೇ ಪೇಟೆಯ ಆ ಮನೆ ನೂರೈವತ್ತು ವರ್ಷದ್ದು ಅನ್ನುತ್ತಾರೆ. ಹಾಗೆನ್ನುವವರಲ್ಲಿ ಯಾರೂ ಅಷ್ಟು ವರ್ಷ ಬದುಕಿ ನೋಡಿದವರಲ್ಲ, ಹೋಗಲಿ ಬಿಡಿ. ವಾರಸುದಾರರು ಹನ್ನೊಂದು ಜನ. ಹಂಚಿಕೊಂಡರೆ ತಲೆಗೊಂದು ಕಿಟಕಿ ಬಂದೀತು ಎಂದು ಅರ್ಥವಾದ ಮೇಲೆ ಎಲ್ಲರೂ ಸೇರಿ ಮನೆಯನ್ನು ಊರಿಗೆ ಬಿಟ್ಟುಕೊಟ್ಟು ಪುಣ್ಯ ಕಟ್ಟಿಕೊಂಡರು. ಅದನ್ನು ನಡೆಸುವ ಭಾರ ಹೊತ್ತವರು ಸುರೇಂದ್ರ ಮೇಷ್ಟ್ರು. ನಿವೃತ್ತ ಹೆಡ್‌ಮಾಸ್ಟರು, ಒಳ್ಳೆಯ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೇ ಜೇಡರ ಬಲೆ ತೆಗೆಯುವವರು. ಅವರ ಜೊತೆಗೆ ಹತ್ತು ಹನ್ನೆರಡು ಜನ. ಯಾರಿಗೂ ಸಂಬಳವಿಲ್ಲ, ಸಂಬಳವಿಲ್ಲದ ಕೆಲಸಕ್ಕೆ ರಜೆಯೂ ಇಲ್ಲ. ಒಂದು ಭಾನುವಾರ ಹಳೇ ಪಹಣಿ, ಖಾತೆ ಕಾಗದ ತಂದವರಿಗೆ ಓದಿ ಅರ್ಥ ಹೇಳುತ್ತಾರೆ, ಇನ್ನೊಂದು ಭಾನುವಾರ ಬಿಪಿ, ಶುಗರ್ ನೋಡಿಸುತ್ತಾರೆ. ವರ್ಷಕ್ಕೊಮ್ಮೆ ಶಾಲೆ ಮಕ್ಕಳನ್ನು ಕಟ್ಟಿಕೊಂಡು ತಾಳಗುಂದಕ್ಕೆ ಹೋಗಿ ಶಾಸನ ತೋರಿಸಿ ಬರುತ್ತಾರೆ. ಮಕ್ಕಳಿಗೆ ಶಾಸನಕ್ಕಿಂತ ಬುತ್ತಿಯ ಚಿತ್ರಾನ್ನದ ನೆನಪೇ ಹೆಚ್ಚು.

ನಾಲ್ಕು ವರ್ಷದ ಹಿಂದೆ ಮೇಷ್ಟ್ರು 'ಬೀಸುವ ದಿನ' ಎಂದು ಒಂದು ಹೊಸ ಕಾರ್ಯಕ್ರಮ ಹೂಡಿದರು. ಅಡುಗೆಮನೆಯಲ್ಲಿದ್ದ ಹಳೇ ಬೀಸುಕಲ್ಲಿಗೆ ಜೋಳ ಹಾಕಿದರೆ ಜೋಳವೇ ಬಂತು. ವೀರಮ್ಮನಿಗೆ ಕರೆ ಹೋಯಿತು.

ಉಳಿ ಹಿಡಿದು ಬಂದ ವೀರಮ್ಮ ಅಂಗಳದಲ್ಲೇ ನಿಂತಳು. ಎದುರಿಗೆ ಎದೆಯೆತ್ತರದ ಜಗಲಿ, ಪಕ್ಕಕ್ಕೆ ಮೂರು ಮೆಟ್ಟಿಲು. ಆಕೆಯ ಅವ್ವ ಮಾಳಮ್ಮ ಇದೇ ಮನೆಗೆ ಕಲ್ಲು ಕಟೆಯಲು ಬರುತ್ತಿದ್ದಳು. ಆಳುಗಳು ಬೀಸುಕಲ್ಲನ್ನು ಅಂಗಳಕ್ಕೆ ಉರುಳಿಸಿ ತಂದು ಹಾಕುತ್ತಿದ್ದರು. ಅವ್ವ ಬಿಸಿಲಲ್ಲಿ ಕೂತು ಕಟೆಯುತ್ತಿದ್ದಳು. ಕೆಲಸ ಮುಗಿದ ಮೇಲೆ ಜಗಲಿಯ ಮೇಲೆ ನಿಂತವರು ಅವಳು ಒಡ್ಡಿದ ಸೆರಗಿಗೆ ಮೇಲಿನಿಂದ ಅಕ್ಕಿ ಸುರಿಯುತ್ತಿದ್ದರು. ಸೆರಗಿನಾಚೆ ಬಿದ್ದ ಕಾಳನ್ನು ಆರಿಸುವ ಕೆಲಸ ಏಳು ವರ್ಷದ ವೀರಮ್ಮನದು. ಆ ಅಕ್ಕಿಗೆ ಸಿಟ್ಟು ಮಾಡುವ ವಯಸ್ಸು ಆಗ ಇರಲಿಲ್ಲ. ಆಮೇಲೆ ಬಂತು, ಬಂದದ್ದು ಹೋಗಲಿಲ್ಲ.

"ಯಾಕ ನಿಂತಿ ವೀರಮ್ಮಾ, ಹತ್ತಿ ಬಾ," ಎಂದರು ಮೇಷ್ಟ್ರು. ಅವರ ಮಟ್ಟಿಗೆ ಅದು ಮೂರು ಮೆಟ್ಟಿಲು, ಅಷ್ಟೇ. ವೀರಮ್ಮ ಹತ್ತಿದಳು. ಬೀಸುಕಲ್ಲು ಕಟೆದುಕೊಟ್ಟು, ಜಗಲಿಯ ಮೇಲೆ ಹಾಸಿದ್ದ ಚಾಪೆಯ ಮೇಲೆ ಕೂತು ಚಹಾ ಕುಡಿದಳು. ಚಾಪೆ ಸರಿಸಿದಾಗ ಕೆಳಗೆ ಕಲ್ಲಿನಲ್ಲಿ ಕೊರೆದ ಗೆರೆಗಳು ಕಂಡವು. ಮುಕ್ಕೋನ, ಅದನ್ನು ಸೀಳಿದ ಅಡ್ಡಗೆರೆಗಳು. "ಅಯ್ಯ, ಹುಲಿ-ಕುರಿ ಮನಿ ಇದು!" ಎಂದಳು.

ಅಲ್ಲಿಂದ ಶುರುವಾದದ್ದು ಪಟೇಲರ ಮನೆಯ ಎಲ್ಲ ಕಾರ್ಯಕ್ರಮಗಳನ್ನೂ ಹಿಂದಕ್ಕೆ ಹಾಕಿತು. ಸಂತೆಯ ದಿನ ಮಧ್ಯಾಹ್ನ ಚೀಲ ತುಂಬಿಕೊಂಡ ಹೆಂಗಸರು ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಜಗಲಿಗೆ ಬರತೊಡಗಿದರು. ಮೂರು ಬೆಣಚುಕಲ್ಲು ಹುಲಿ, ಹದಿನೈದು ಹುಣಸೆ ಬೀಜ ಕುರಿ. ಹುಲಿ ಜಿಗಿದರೆ ಕುರಿ ಸತ್ತಿತು, ಕುರಿಗಳೆಲ್ಲ ಸೇರಿ ಸುತ್ತುಗಟ್ಟಿದರೆ ಹುಲಿ ಕೆಟ್ಟಿತು. ಆಡಿಸುವವಳು ವೀರಮ್ಮ, ಹೊಸಬರಿಗೆ ಕಲಿಸುವವಳೂ ಅವಳೇ. ತಾನು ಮಾತ್ರ ಎಂದೂ ಹುಲಿ ಹಿಡಿದವಳಲ್ಲ. "ಹಲ್ಲಿರೋದು ಗೆದ್ರೆ ಏನ್ ಹೆಚ್ಚುಗಾರಿಕೆ?" ಅನ್ನುತ್ತಿದ್ದಳು. ಅವಳ ಕುರಿಗಳಿಗೆ ಸಿಕ್ಕಿಬೀಳದ ಹುಲಿ ಒಂದೇ, ಟೈಲರಿಂಗ್ ಅಂಗಡಿಯ ಅಮೀನಾಬಿಯದು. ಇಬ್ಬರೂ ಆಡಲು ಕೂತರೆಂದರೆ ಅಮೀನಾಬಿಯ ಅಂಗಡಿಯಲ್ಲಿ ರವಿಕೆಗೆ ಕಾದವರು ಮುಂದಿನ ವಾರ ಬರಬೇಕು. ಇಬ್ಬರೂ ಬೈದಾಡಿಕೊಳ್ಳುವುದು ಕೇಳಲೆಂದೇ ಜನ ಬರುತ್ತಿದ್ದರು.

ನಾಲ್ಕು ವರ್ಷ ಹೀಗೆ ಚೆನ್ನಾಗಿ ನಡೆಯಿತು. ಆಮೇಲೆ ಒಂದು ಸುತ್ತೋಲೆ ಬಂತು.

ಹಳೆಯ ಮನೆಗಳಿಗೆ ಮಾನ್ಯತೆ ಪತ್ರ ಕೊಡುವ ಯಾವುದೋ ಕಚೇರಿಗೆ ಮೇಷ್ಟ್ರು ಎರಡು ವರ್ಷದಿಂದ ಅರ್ಜಿ ಗುಜರಾಯಿಸುತ್ತಲೇ ಇದ್ದರು. ಕೊನೆಗೂ ಅಲ್ಲಿಂದ ಒಬ್ಬ ಅಧಿಕಾರಿ ಬಂದು ನೋಡುವುದೆಂದು ನಿಶ್ಚಯವಾಯಿತು. ಜೊತೆಗೆ ಕಳಿಸಿದ ನಿಯಮಗಳಲ್ಲಿ ಒಂದು: ಮೂಲ ಗೋಡೆ, ನೆಲ, ಕಲ್ಲುಗಳ ಮೇಲೆ ಗೀಚು, ಗೆರೆ, ಬರಹ ಇರಕೂಡದು. ಪ್ರೇಮಿಗಳು ಮೊಳೆಯಲ್ಲಿ ಹೆಸರು ಕೆತ್ತುತ್ತಾರಲ್ಲ, ಅದಕ್ಕೆ ಬರೆದ ನಿಯಮ ಅದು. ಯಾರಿಗಾದರೂ ಅರ್ಥವಾಗುವಂಥದ್ದು. ಆದರೆ ಮೂವತ್ತೆಂಟು ವರ್ಷ ಸುತ್ತೋಲೆ ಪಾಲಿಸಿದ ಹೆಡ್‌ಮಾಸ್ಟರಿಗೆ ಗೆರೆ ಎಂದರೆ ಗೆರೆಯೇ. ಅವರು ಬಿಳಿ ಸಿಮೆಂಟು ತಂದರು, ಕಲ್ಲಿನ ಬಣ್ಣ ಬರಲೆಂದು ಚೂರು ಮಸಿ ಕಲೆಸಿದರು, ಮೊಣಕಾಲೂರಿ ಕೂತು ಇಡೀ ದಿನ ಒಂದು ಚಹಾ ಚಮಚದಿಂದ ಹುಲಿ-ಕುರಿ ಮನೆಯ ಗೆರೆ ಗೆರೆಯನ್ನೂ ಪ್ರೀತಿಯಿಂದ ಮುಚ್ಚಿದರು. ಮನೆಯ ಮೇಲೆ ಅಷ್ಟು ಪ್ರೀತಿಯಿಲ್ಲದವನಿಗೆ ಅಂಥ ತಪ್ಪು ಮಾಡುವುದು ಸಾಧ್ಯವೇ ಇರಲಿಲ್ಲ.

ಮರುಸಂತೆಗೆ ಹೆಂಗಸರು ಬಂದರೆ ಜಗಲಿ ಬೋಳು. ಅಂಗಳದಲ್ಲಿ ಹುಲಿ-ಕುರಿ ಮನೆಯನ್ನು ಅಚ್ಚು ಹಾಕಿಸಿದ ಒಂದು ಫ್ಲೆಕ್ಸ್ ಹಾಸಿತ್ತು, ನಾಲ್ಕು ಮೂಲೆಗೂ ಇಟ್ಟಿಗೆ.

"ನೋಡು ವೀರಮ್ಮಾ, ಕಲರ್ ಫ್ಲೆಕ್ಸ್ ಮಾಡಿಸೀನಿ," ಎಂದರು ಮೇಷ್ಟ್ರು, ನಿಜವಾದ ಹಿಗ್ಗಿನಿಂದ. "ಇನ್ನು ಮ್ಯಾಲೆ ಆಟ ಅಂಗಳದಾಗ. ಜಗಲಿ ಮ್ಯಾಲೆ ಯಾರೂ ಕೂರೋದು ಬ್ಯಾಡ. ಹಗ್ಗ ಕಟ್ಟಿ ಇಟ್ಟುಬಿಡಾನು, ಬಂದೋರು ದೂರದಿಂದ ನೋಡ್ಲಿ. ಪಾರಂಪರಿಕ ಮನಿ ಅಂದ್ರೆ ಹಂಗೇ ಇರಬೇಕಂತ."

ಅಮೀನಾಬಿ ಬಾಯಿ ತೆರೆದಳು. ವೀರಮ್ಮ ತೆರೆಯಲಿಲ್ಲ. ಫ್ಲೆಕ್ಸ್ ನೋಡಿದಳು, ಅಂಗಳ ನೋಡಿದಳು. ಅವ್ವ ಕೂತ ಜಾಗ ಅಲ್ಲಿಂದ ನಾಲ್ಕು ಹೆಜ್ಜೆ. ಅರವತ್ತು ವರ್ಷಕ್ಕೆ ಒಂದು ಸಲ ಮೂರು ಮೆಟ್ಟಿಲು ಹತ್ತಿಸಿ, ನಾಲ್ಕೇ ವರ್ಷಕ್ಕೆ ಇಳಿಸುತ್ತಿದ್ದಾರೆ, ಇಳಿಸುವವರಿಗೆ ಅದು ಗೊತ್ತೂ ಇಲ್ಲ. ಗೊತ್ತಿದ್ದು ಮಾಡಿದ್ದರೆ ಜಗಳ ಆಡಬಹುದಿತ್ತು. ವೀರಮ್ಮ ಚೀಲ ಎತ್ತಿಕೊಂಡು ಹೊರಟಳು.

"ಮೇಷ್ಟ್ರೇ," ಎಂದಳು ಅಮೀನಾಬಿ, "ಅಕ್ಕ ಸುಮ್ಮನೆ ಹೋದ್ಳು. ನೀವು ದೇವರನ್ನ ನೆನೆಸ್ಕಳ್ಳೋದು ಒಳ್ಳೇದು."

ಅಧಿಕಾರಿ ಬರುವ ದಿನ ಬುಧವಾರ. ಮೇಷ್ಟ್ರು ಬಾಗಿಲಿಗೆ ಮಾವಿನೆಲೆ ಕಟ್ಟಿಸಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ವೀರಮ್ಮ ಬಂದಳು, ಮೆಟ್ಟಿಲು ಹತ್ತಿದಳು, ಅಡ್ಡ ಕಟ್ಟಿದ್ದ ಹಗ್ಗವನ್ನು ಬಿಚ್ಚಿ ನೀಟಾಗಿ ಸುತ್ತಿ ಪಕ್ಕಕ್ಕಿಟ್ಟಳು. ಜಗಲಿಯ ಮೇಲೆ ಕಾಲು ಚಾಚಿ ಕೂತು, ಗೋಣಿತಾಟು ಬಿಚ್ಚಿದಳು. ಹೊಸದಾಗಿ ಮಸೆದ ಉಳಿ. ಮೊದಲ ಏಟಿಗೇ ಸಿಮೆಂಟಿನ ಚೂರು ಹಾರಿತು.

ಮೇಷ್ಟ್ರು ಒಳಗಿನಿಂದ ಓಡಿಬಂದರು. "ಏ ವೀರಮ್ಮಾ! ಹುಚ್ಚು ಗಿಚ್ಚು ಹಿಡೀತೇನು? ಪಾರಂಪರಿಕ ಕಟ್ಟಡಕ್ಕೆ ಉಳಿ ಹಚ್ಚೋದು ಅಪರಾಧ!"

"ಸಿಮೆಂಟು ಹಚ್ಚೋದು?"

ಮೇಷ್ಟ್ರು ಜೇಬಿಗೆ ಕೈ ಹಾಕಿದರು. ಫೋನ್ ತೆಗೆದರು, ಯಾರಿಗೆ ಮಾಡಬೇಕೆಂದು ತಿಳಿಯದೆ ಮತ್ತೆ ಜೇಬಿಗೆ ಹಾಕಿದರು. ಅಷ್ಟರಲ್ಲಿ ಅಮೀನಾಬಿ ಅಂಗಡಿಗೆ ಬೀಗ ಹಾಕಿ ಬಂದವಳು ವೀರಮ್ಮನ ಪಕ್ಕ ಕುಕ್ಕರಿಸಿ, ಎದ್ದ ಚೂರುಗಳನ್ನು ಸೆರಗಿನಿಂದ ಗುಡಿಸತೊಡಗಿದಳು. ಸುದ್ದಿ ಹರಡಲು ಪೇಟೆಯಲ್ಲಿ ಹೊತ್ತು ಬೇಕಾಗುವುದಿಲ್ಲ. ಸಂತೆಯ ದಿನ ಆಡಲು ಬರುತ್ತಿದ್ದವರಲ್ಲಿ ಏಳೆಂಟು ಹೆಂಗಸರು ಬಂದು ಅಂಗಳದಲ್ಲಿ ನಿಂತರು.

ಸಿಮೆಂಟು ಅರ್ಧ ಹೋಗಿತ್ತು. ಆಗ ವೀರಮ್ಮನ ಕೈ ನಿಂತಿತು. ತೆರೆದ ಗೆರೆಯೊಳಗೆ ಬೆರಳಿಟ್ಟು ಎಳೆದಳು. ಮತ್ತೊಂದು ಗೆರೆಗೆ ಬೆರಳಿಟ್ಟಳು. ನಾಲ್ಕು ವರ್ಷ ಇದೇ ಗೆರೆಗಳ ಮೇಲೆ ಕುರಿ ನಡೆಸಿದ್ದಳು. ಆಗೆಲ್ಲ ನೂರೈವತ್ತು ವರ್ಷದ ಧೂಳು, ಎಣ್ಣೆ ಜಿಡ್ಡು ತುಂಬಿಕೊಂಡಿತ್ತು. ಈಗ ಸಿಮೆಂಟು ಏಳುವಾಗ ಅದನ್ನೂ ಕಿತ್ತುಕೊಂಡು ಬಂದಿತ್ತು. ಗೆರೆಯ ಹೊಟ್ಟೆ ಮೊದಲ ಸಲ ಕಾಣುತ್ತಿತ್ತು.

"ಮೇಷ್ಟ್ರೇ, ಇಲ್ಲಿ ಬರ್ರಿ," ಎಂದಳು. "ಇಲ್ಲಿ ನೋಡ್ರಿ. ಉಳಿ ಏಟು ಬಿದ್ದ ಕಡಿ ಆಳ ಇರ್ತೈತಿ, ಓಡಿಹೋದ ಕಡಿ ತೆಳ್ಳಗಾಗ್ತೈತಿ. ಈ ಗೆರೆ ಎಲ್ಲಾ ಅಂಗಳದ ಕಡಿಯಿಂದ ಹೊಡೆದದ್ದು. ಎಲ್ಲಾ. ಒಂದೂ ಈ ಕಡಿಯಿಂದ ಇಲ್ಲ. ಅಂಗಳದ ಹತ್ರ ಎಷ್ಟ್ ಆಳ ಐತಿ ನೋಡ್ರಿ. ಗ್ವಾಡಿ ಕಡಿ ಬರ್ತಾ ಬರ್ತಾ ಗೀಚಿದಂಗೆ ಆಗ್ಯಾವು. ಕೊನೀ ಮೂರು ಗೆರೆ ಸೊಟ್ಟ."

"ಕಲ್ಲು ಕೂರ್ಸೋಕೆ ಮುಂಚೇನೇ ಹೊಡೆದಿರಬಹುದಲ್ಲ?" ಎಂದರು ಮೇಷ್ಟ್ರು. ಭಯದಲ್ಲಿಯೂ ಅವರೊಳಗಿನ ಮೇಷ್ಟ್ರು ಸುಮ್ಮನಿರಲಿಲ್ಲ.

"ಎರಡು ಚಪ್ಪಡಿ ಸೇರೋ ಸಂದಿ ಮ್ಯಾಲೆ ಗೆರೆ ದಾಟಿ ಹೋಗೈತಿ. ಕೂರ್ಸಿದ ಮ್ಯಾಲೇ ಹೊಡೆದದ್ದು." ವೀರಮ್ಮ ಎದ್ದು ನಿಂತು, ಅಂಗಳದ ಕಡೆ ಬಾಗಿ ಕೈ ಚಾಚಿ ತೋರಿಸಿದಳು. "ಹೊಡೆದೋನು ಅಲ್ಲಿ ಕೆಳಗೆ ನಿಂತಿದ್ದ. ಇಲ್ಲಿ ಕುಂತ್ಕಂಡು ಹೊಡೆದಿದ್ರೆ ಒಂದು ತಾಸಿನ ಕೆಲಸ. ಅವನನ್ನ ಹತ್ತಗೊಟ್ಟಿಲ್ಲ. ಎದಿ ಒತ್ಕಂಡು, ಕೈ ಚಾಚಿ ಹೊಡ್ದಾನೆ. ಈ ಕೊನೀ ಗೆರೆಗೆ ಕೈ ಎಟುಕಿಲ್ಲ. ಮ್ಯಾಲೆ ಕುಂತೋರು ಆಡ್ಲಿ ಅಂತ, ಕೆಳಗೆ ನಿಂತೋನು ಮಾಡಿಕೊಟ್ಟಾನೆ. ಅವನ್ಯಾರೋ ನಮ್ಮೋನು, ಮೇಷ್ಟ್ರೇ."

ಮೇಷ್ಟ್ರು ಹತ್ತಿರ ಬಂದರು. ಬಾಗಿ ಗೆರೆಗಳನ್ನು ನೋಡಿದರು. ಅವರು ಇಡೀ ದಿನ ಚಮಚ ಹಿಡಿದು ಮುಚ್ಚಿದ ಗೆರೆಗಳು.

ಅಷ್ಟು ಹೊತ್ತಿಗೆ ಜೀಪು ಬಂದು ನಿಂತಿತು. ಹನ್ನೊಂದಕ್ಕೆ ಬರಬೇಕಾದ ಅಧಿಕಾರಿ ಹತ್ತಕ್ಕೇ ಬಂದಿದ್ದರು. ಕರುಣಾ ಎಂದು ಹೆಸರು, ಕತ್ತಿಗೆ ಗುರುತಿನ ಚೀಟಿ, ಕೈಯಲ್ಲಿ ಫೈಲು. ಅಂಗಳದ ಹೆಂಗಸರು, ಜಗಲಿಯ ಮೇಲಿನ ಸುತ್ತಿಗೆ, ಹಾರಿಬಿದ್ದ ಚೂರು ಎಲ್ಲವನ್ನೂ ನೋಡಿ ಏನೆಂದು ಕೇಳಿದರು. ಮೇಷ್ಟ್ರು ಸುಳ್ಳು ಹೇಳುವವರಲ್ಲ, ತಾವು ಮಾಡಿದ್ದನ್ನು ತಾವೇ ಒಪ್ಪಿಕೊಂಡರು. ವೀರಮ್ಮ ಉಳಿ ಏಟಿನ ಕಥೆಯನ್ನು ಇನ್ನೊಮ್ಮೆ ಹೇಳಿದಳು. ಕರುಣಾ ಮೇಡಂ ಕೂತು, ಬೆರಳಿಟ್ಟು ನೋಡಿದರು. ತಿಳಿವಳಿಕೆಯ ಹೆಣ್ಣುಮಗಳು ಆಕೆ. ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ.

"ಅಮ್ಮಾ, ನೀವು ಹೇಳಿದ್ದು ಸರಿಯಿದೆ," ಎಂದರು. "ಈ ಗೆರೆಗಳು ಇರಬೇಕು. ಸಿಮೆಂಟ್ ತೆಗೆದಿದ್ದೂ ಒಳ್ಳೇದೇ ಆಯ್ತು. ಉಳಿದಿದ್ದನ್ನ ತೆಗೆದು ಇಲ್ಲಿಗೆ ನಿಲ್ಲಿಸಿಬಿಡಿ. ನಾನು ಮಾನ್ಯತೆಗೆ ಬರೆದುಕೊಡ್ತೀನಿ. ಆದರೆ ಇನ್ನು ಮೇಲೆ ಇದರ ಮೇಲೆ ಯಾರೂ ಕೂರಬಾರದು, ಆಡಬಾರದು. ಗಾಜು ಮುಚ್ಚಿ, ನೀವು ಹೇಳಿದ ಕಥೆ ಬರೆದು ಬೋರ್ಡ್ ಹಾಕೋಣ."

ಮೇಷ್ಟ್ರ ಮುಖ ಅರಳಿತು. ಎರಡು ವರ್ಷದ ಅರ್ಜಿ, ಅಷ್ಟೂ ಜನರ ದುಡಿಮೆ, ಎಲ್ಲ ಕೈಗೆ ಬಂದಿತ್ತು. ಎಲ್ಲರೂ ವೀರಮ್ಮನ ಕಡೆ ನೋಡಿದರು.

ಪಟೇಲರ ಮನೆಗೆ ಆ ಪತ್ರ ಸಿಗಲಿ ಎಂಬ ಆಸೆ ವೀರಮ್ಮನಿಗೂ ಇತ್ತು. ಆ ಮನೆಯ ಹೆಂಚು ಜೋಡಿಸುವಾಗ ಏಣಿ ಹಿಡಿದವಳು ಅವಳು. ಆದರೆ ಗಾಜಿನ ಕೆಳಗೆ ಗೆರೆ, ಹಗ್ಗದ ಆಚೆ ಜನ ಎಂದರೆ, ಕೆಳಗೆ ನಿಂತವನು ಇನ್ನೂ ಕೆಳಗೇ ನಿಂತಂತೆ ಲೆಕ್ಕ. ಅವನ ಕಥೆ ಬರೆದು ಬೋರ್ಡು ಹಾಕುತ್ತಾರಂತೆ. ಬೋರ್ಡು ಯಾರಿಗೆ ಬೇಕು? ಅವನಿಗೆ ಬೇಕಾಗಿದ್ದದ್ದು ಮೂರು ಮೆಟ್ಟಿಲು.

ಅವಳು ಉಳಿದ ಸಿಮೆಂಟನ್ನು ಪೂರ್ತಿ ತೆಗೆದಳು. ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಗೋಡೆಗೆ ಬೆನ್ನು ಮಾಡಿ, ಜಗಲಿಯ ನಡುವೆ ಸರಿಯಾಗಿ ಚಕ್ಕಳಮಕ್ಕಳ ಹಾಕಿ ಕೂತಳು. ಸೊಟ್ಟಗಿದ್ದ ಮೂರು ಗೆರೆಗಳ ಮೊದಲನೆಯದಕ್ಕೆ ಉಳಿ ಇಟ್ಟಳು.

"ಅಮ್ಮಾ, ಅದು ಹೊಸ ಕೆತ್ತನೆ ಆಗುತ್ತೆ," ಎಂದರು ಕರುಣಾ ಮೇಡಂ. "ನಾನು ಹಾಗೇ ಬರೀಬೇಕಾಗುತ್ತೆ."

"ಬರ್ಕಳ್ರವ್ವಾ. ನಿಮ್ಮ ಕೆಲಸ ನೀವು ಮಾಡ್ರಿ," ಎಂದಳು ವೀರಮ್ಮ. ಮಾತಿನಲ್ಲಿ ಸಿಟ್ಟಿರಲಿಲ್ಲ. "ಅವನ ಕೈ ಎಟುಕದ ಗೆರೆ ಇವು. ನಂದು ಎಟುಕ್ತೈತಿ."

ಸುತ್ತಿಗೆ ಬಿತ್ತು. ಮಧ್ಯಾಹ್ನದ ಹೊತ್ತಿಗೆ ಮೂರೂ ಗೆರೆ ನೇರವಾದವು, ಉಳಿದವುಗಳಷ್ಟೇ ಆಳವಾದವು. ಅಮೀನಾಬಿ ಅವಳ ಬೆವರು ಒರೆಸಿದಳು, ನೀರು ಕುಡಿಸಿದಳು, ನಡುನಡುವೆ "ಆ ಮೂಲಿ ಸ್ವಲ್ಪ ಸೊಟ್ಟ ಐತಿ ನೋಡಕ್ಕ" ಎಂದು ರೇಗಿಸಿದಳು.

ಮಾನ್ಯತೆ ಬರಲಿಲ್ಲ. 'ಮೂಲ ಶಿಲೆಯಲ್ಲಿ ಹೊಸ ಉಳಿ ಕೆಲಸ ಕಂಡುಬಂದಿರುವುದರಿಂದ ಅರ್ಜಿಯನ್ನು ಸದ್ಯಕ್ಕೆ ಪರಿಗಣಿಸಲಾಗದು' ಎಂಬ ಒಂದು ಸಾಲಿನ ಕಾಗದ ಬಂತು. ಸ್ವಯಂಸೇವಕರ ಸಭೆಯಲ್ಲಿ ಒಬ್ಬಿಬ್ಬರು ವೀರಮ್ಮನನ್ನು ಕೆಲಸದಿಂದ ತೆಗೆಯಬೇಕೆಂದು ಕೂಗಾಡಿದರು. ಸಂಬಳವೇ ಇಲ್ಲದವಳನ್ನು ಕೆಲಸದಿಂದ ತೆಗೆಯುವುದು ಹೇಗೆಂದು ಯಾರಿಗೂ ತಿಳಿಯಲಿಲ್ಲ. ಮೇಷ್ಟ್ರಿಗೆ ನೋವಾಗಿತ್ತು, ಅದನ್ನು ಮುಚ್ಚಿಟ್ಟುಕೊಳ್ಳಲೂ ಬರುತ್ತಿರಲಿಲ್ಲ. ಎರಡು ಸಂತೆ ಮನೆಯ ಕಡೆ ಸುಳಿಯಲಿಲ್ಲ.

ಮೂರನೇ ಸಂತೆಗೆ ಬಂದರು. ಜಗಲಿಯ ಮೇಲೆ ಹೆಂಗಸರು ತುಂಬಿದ್ದರು, ಕೂಗಾಟ ನಡೆದಿತ್ತು. ಮೇಷ್ಟ್ರು ಮೆಟ್ಟಿಲು ಹತ್ತಲಿಲ್ಲ. ಅಂಗಳದಲ್ಲೇ, ಜಗಲಿಯ ಅಂಚಿಗೆ ಬಂದು ನಿಂತು, ಕತ್ತು ಉದ್ದ ಮಾಡಿ ಆಟ ನೋಡಿದರು. ಅಮೀನಾಬಿಯ ಹುಲಿ ತಪ್ಪು ಮನೆಗೆ ಹೋದದ್ದು ಕಂಡು ತಡೆಯಲಾಗದೆ, "ಅಲ್ಲಲ್ಲ, ಈ ಕಡೆ!" ಎಂದು ಕೆಳಗಿನಿಂದಲೇ ಕೈ ಚಾಚಿದರು. ಎಟುಕಲಿಲ್ಲ. ಅಂಚಿಗೆ ಎದೆ ಒತ್ತಿ, ಇನ್ನೂ ಚಾಚಿದರು. ಎಟುಕಲಿಲ್ಲ.

ಆಟ ನಿಂತಿತು. ತಾವು ಹೇಗೆ ನಿಂತಿದ್ದೇವೆಂದು ಮೇಷ್ಟ್ರಿಗೇ ಗೊತ್ತಾಯಿತು. ಮುಖ ಕೆಂಪಾಯಿತು, ಕೈ ಹಿಂದಕ್ಕೆ ತೆಗೆದುಕೊಂಡರು.

"ವೀರಮ್ಮಾ," ಎಂದರು, "ಸ್ವಲ್ಪ ಇಳಿದು ಬಾ. ನಿನ್ನ ಹತ್ರ ಒಂದು ಮಾತು ಹೇಳೋದೈತಿ."

"ನಾನು ಇಳಿಯಂಗಿಲ್ಲ, ಮೇಷ್ಟ್ರೇ," ಎಂದಳು ವೀರಮ್ಮ, ಸತ್ತ ಕುರಿಗಳನ್ನು ಬೊಗಸೆಗೆ ಎತ್ತಿಕೊಳ್ಳುತ್ತಾ. "ನೀವೇ ಹತ್ತಿ ಬರ್ರಿ. ಹುಲಿ ನಿಮ್ಮದು."

ಮೇಷ್ಟ್ರು ಚಪ್ಪಲಿ ಬಿಟ್ಟು ಹತ್ತಿ ಬಂದು, ಎದುರಿಗೆ ಕೂತರು. ಅವತ್ತು ಆಡಿದ ಮೂರಾಟದಲ್ಲಿ ಮೂರನ್ನೂ ಸೋತರು.